ಕೃತ, ಕಾರಿತ, ಅನುಮೋದನೆ: ದೂರದಿಂದ ಮಗಳ ಮದುವೆ ಮಾಡಿಸುವವರ ಹೊಣೆ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬುದು ನಮ್ಮ ಹಿರಿಯರ ಅನುಭವದ ಮಾತು. ಕಟ್ಟುವುದೂ ಮಾಡುವುದೂ ಸ್ವಂತ ಕೈಯಿಂದ ನಡೆಯಬೇಕಾದ ಕಾರ್ಯಗಳೆಂಬ ಭಾವನೆ ಈ ಗಾದೆಯಲ್ಲಿದೆ. ಇಂದಿನ ಅನೇಕ ಗೃಹಸ್ಥರ ಮಟ್ಟಿಗೆ ಇದನ್ನು 'ಮದುವೆ ಮಾಡಿಸಿ ನೋಡು' ಎಂದು ತಿದ್ದಿಕೊಳ್ಳಬೇಕಾದ ಕಾಲ ಬಂದಿದೆ. ವ್ಯಾಕರಣದ ದೃಷ್ಟಿಯಿಂದ ಇದು ಒಂದು ಪ್ರತ್ಯಯದ ವ್ಯತ್ಯಾಸ ಮಾತ್ರ. ಧರ್ಮದ ದೃಷ್ಟಿಯಿಂದ ಇದರಲ್ಲಿ ಒಂದು ದೊಡ್ಡ ಪ್ರಶ್ನೆ ಅಡಗಿದೆ.

ಉದ್ಯೋಗ ವ್ಯಾಪಾರಗಳ ನಿಮಿತ್ತ ಬೆಳಗಾವಿ, ಹುಬ್ಬಳ್ಳಿ, ಮೂಡುಬಿದಿರೆಗಳಿಂದ ಹೊರಟ ನಮ್ಮ ಕುಟುಂಬಗಳು ಮುಂಬಯಿ, ದೆಹಲಿ ಮೊದಲಾದ ಕಡೆಗಳಲ್ಲಿ ನೆಲೆಸಿವೆ. ಆದರೆ ಮಗಳ ಮದುವೆಯ ಮಾತು ಬಂದಾಗ ಮನಸ್ಸು ಹುಟ್ಟೂರಿನ ಕಡೆಗೇ ಹೊರಳುತ್ತದೆ. ಮನೆದೇವರ ಬಸದಿ ಅಲ್ಲಿದೆ, ಪ್ರಯಾಣ ಮಾಡಲಾರದ ವೃದ್ಧರು ಅಲ್ಲಿದ್ದಾರೆ, ಬಂಧುಬಳಗ ಅಲ್ಲಿದೆ. ಹೀಗಾಗಿ ತಂದೆ ದೆಹಲಿಯಲ್ಲಿ, ಮಗಳು ಬೆಂಗಳೂರಿನ ನೌಕರಿಯಲ್ಲಿ, ಬೀಗರು ಸಾಂಗಲಿಯಲ್ಲಿ, ಮದುವೆ ಬೆಳಗಾವಿಯ ಒಂದು ಮಂಗಲ ಕಾರ್ಯಾಲಯದಲ್ಲಿ ಎಂಬಂಥ ಏರ್ಪಾಡುಗಳು ಈಗ ಸಾಮಾನ್ಯವಾಗಿವೆ. ದೆಹಲಿಯಿಂದ ಬೆಳಗಾವಿಗೆ ರೈಲಿನಲ್ಲಿ ಒಂದೂವರೆ ದಿನದ ದಾರಿ. ಪದೇ ಪದೇ ಹೋಗಿ ಬರುವುದು ಸಾಧ್ಯವಿಲ್ಲ. ಕಾರ್ಯಾಲಯವನ್ನು ಫೋನಿನಲ್ಲಿ ಗೊತ್ತುಮಾಡುತ್ತಾರೆ, ಮಂಟಪದ ಅಲಂಕಾರವನ್ನು ಮೊಬೈಲಿನಲ್ಲಿ ಬಂದ ಚಿತ್ರ ನೋಡಿ ಒಪ್ಪುತ್ತಾರೆ, ಅಡುಗೆಯವರಿಗೆ ಮುಂಗಡವನ್ನು ಬ್ಯಾಂಕಿನ ಮೂಲಕ ಕಳುಹಿಸುತ್ತಾರೆ. ಕನ್ಯಾಪಿತೃವು ಮದುವೆಗೆ ನಾಲ್ಕು ದಿನ ಮುಂಚೆ ತಾನೇ ಒಬ್ಬ ಅತಿಥಿಯೆಂಬಂತೆ ಬಂದಿಳಿಯುತ್ತಾನೆ.

ಇದರಲ್ಲಿ ತಪ್ಪೇನೂ ಇಲ್ಲ. ಪ್ರಶ್ನೆಯಿರುವುದು ಬೇರೆಡೆ. ಹೀಗೆ ಪರರ ಕೈಯಿಂದ ನಡೆದ ಕಾರ್ಯದಲ್ಲಿ ಹಿಂಸೆಯೋ, ಅನ್ನದ ಅಪವ್ಯಯವೋ, ಕೂಲಿಯವರಿಗೆ ಅನ್ಯಾಯವೋ ಆದರೆ ಅದರ ಕರ್ತೃ ಯಾರು? 'ನಾವು ಅಲ್ಲಿರಲಿಲ್ಲ, ಎಲ್ಲವನ್ನೂ ಗುತ್ತಿಗೆ ಕೊಟ್ಟಿದ್ದೆವು' ಎಂಬ ಉತ್ತರವನ್ನು ನಾವೆಲ್ಲರೂ ಕೇಳಿದ್ದೇವೆ. ಈ ಉತ್ತರ ನಿಲ್ಲುವುದೇ ಎಂಬುದನ್ನು ವಿಚಾರ ಮಾಡಬೇಕಾಗಿದೆ.

ಮೊದಲು ವ್ಯಾಪಾರಸ್ಥನಾದ ನನಗೆ ಪರಿಚಿತವಾದ ಲೌಕಿಕ ನ್ಯಾಯವನ್ನೇ ನೋಡೋಣ. ಅಡತಿ ಅಂಗಡಿಯ ವ್ಯವಹಾರವೆಲ್ಲ ನಿಂತಿರುವುದು ಪ್ರತಿನಿಧಿಯ ಮೂಲಕ ಮಾಡುವ ಕೆಲಸದ ಮೇಲೆ. 1872ರ ಭಾರತೀಯ ಕರಾರು ಕಾಯಿದೆಯ 226ನೆಯ ಕಲಮಿನ ಪ್ರಕಾರ, ಪ್ರತಿನಿಧಿಯು ಮಾಡಿಕೊಂಡ ಕರಾರು ಧಣಿಯೇ ಸ್ವತಃ ಮಾಡಿಕೊಂಡ ಕರಾರಿನಂತೆ ಅವನನ್ನು ಬಂಧಿಸುತ್ತದೆ. ಧಣಿ ಎಷ್ಟು ದೂರದಲ್ಲಿದ್ದ ಎಂಬುದನ್ನು ಕಾಯಿದೆ ಕೇಳುವುದಿಲ್ಲ. ಒಬ್ಬನು ನಮಗೆ ತಿಳಿಯದೆ ನಮ್ಮ ಪರವಾಗಿ ಮಾಡಿದ ಕೆಲಸವನ್ನು ನಾವು ಆಮೇಲೆ ಒಪ್ಪಿಕೊಂಡರೆ, ಅದು ನಮ್ಮ ಅಪ್ಪಣೆಯಿಂದಲೇ ನಡೆದಂತೆ ಎಂದು 196ನೆಯ ಕಲಮು ಹೇಳುತ್ತದೆ. 199ನೆಯ ಕಲಮು ಇನ್ನೂ ಸ್ವಾರಸ್ಯವಾದುದು. ವ್ಯವಹಾರದ ಒಂದು ಭಾಗವನ್ನು ಒಪ್ಪಿಕೊಂಡವನು ಇಡೀ ವ್ಯವಹಾರವನ್ನೇ ಒಪ್ಪಿಕೊಂಡಂತಾಗುತ್ತದೆ. ಲಾಭವನ್ನು ಸ್ವೀಕರಿಸಿ, ಆ ಲಾಭ ಬಂದ ಬಗೆಯನ್ನು ನಿರಾಕರಿಸುವ ಸ್ವಾತಂತ್ರ್ಯ ಅವನಿಗಿಲ್ಲ.

ಕಾಯಿದೆಯ ಈ ಮಾತನ್ನು ನಮ್ಮ ಆಚಾರ್ಯರು ಎಷ್ಟೋ ಶತಮಾನಗಳ ಹಿಂದೆಯೇ ಇನ್ನೂ ಸೂಕ್ಷ್ಮವಾಗಿ ಹೇಳಿದ್ದಾರೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಜೀವದ ನಿಮಿತ್ತದಿಂದಾಗುವ ಆಸ್ರವದ 108 ಭೇದಗಳ ಲೆಕ್ಕ ಬರುತ್ತದೆ. ಸಂರಂಭ, ಸಮಾರಂಭ, ಆರಂಭ ಎಂದು ಮೂರು. ಮನಸ್ಸು, ಮಾತು, ಕಾಯ ಎಂದು ಮೂರು. ಕೃತ, ಕಾರಿತ, ಅನುಮೋದನೆ, ಅಂದರೆ ತಾನು ಮಾಡಿದ್ದು, ಪರರಿಂದ ಮಾಡಿಸಿದ್ದು, ಮಾಡಿದ್ದನ್ನು ಮೆಚ್ಚಿದ್ದು ಎಂದು ಮೂರು. ಕ್ರೋಧ, ಮಾನ, ಮಾಯೆ, ಲೋಭ ಎಂಬ ಕಷಾಯಗಳು ನಾಲ್ಕು. ಇವನ್ನು ಗುಣಿಸಿದರೆ 108. ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ತಾನೇ, ತನ್ನ ಶರೀರದಿಂದಲೇ ಮಾಡಿದ ಕಾರ್ಯಕ್ಕೆ ಸೇರಿದ ಭೇದಗಳು ಕೇವಲ 12. ಉಳಿದ 96 ದ್ವಾರಗಳು, ಕೈಯಾಡಿಸದೆ ಮನೆಯಲ್ಲಿ ಕುಳಿತವನಿಗೂ ತೆರೆದೇ ಇರುತ್ತವೆ.

ಇನ್ನೊಂದು ಮಾತು. ನಮ್ಮ ಲಗ್ನಪತ್ರಿಕೆಗಳಲ್ಲಿ 'ವಿವಾಹ ಸಮಾರಂಭ' ಎಂದು ಅಚ್ಚು ಹಾಕಿಸುತ್ತೇವೆ. ಸೂತ್ರದ ಪರಿಭಾಷೆಯಲ್ಲಿ ಸಂರಂಭವೆಂದರೆ ಮಾಡಬೇಕೆಂಬ ಸಂಕಲ್ಪ, ಸಮಾರಂಭವೆಂದರೆ ಅದಕ್ಕೆ ಬೇಕಾದ ಸಾಧನಗಳನ್ನು ಕೂಡಿಸುವುದು, ಆರಂಭವೆಂದರೆ ಕಾರ್ಯಕ್ಕೆ ತೊಡಗುವುದು. ದೂರದ ಊರಿನಲ್ಲಿ ಕುಳಿತು ದರ ವಿಚಾರಿಸಿ, ಪಟ್ಟಿ ಬರೆದು, ಹಣ ಕಳುಹಿಸುವ ತಂದೆಯು ಆ ಅರ್ಥದಲ್ಲಿ ಆಗಲೇ ಸಮಾರಂಭದಲ್ಲಿದ್ದಾನೆ. ಮದುವೆಯ ದಿನ ಬರುವುದಕ್ಕೆ ಮೊದಲೇ ಅವನ ಲೆಕ್ಕ ಪ್ರಾರಂಭವಾಗಿರುತ್ತದೆ.

ದೂರದ ಪ್ರಶ್ನೆಯನ್ನು ಏಳನೆಯ ಅಧ್ಯಾಯವು ನೇರವಾಗಿಯೇ ಎತ್ತಿಕೊಂಡಿದೆ. ಇಷ್ಟು ಕ್ಷೇತ್ರದ ಆಚೆಗೆ ಇಷ್ಟು ಕಾಲ ವ್ಯವಹರಿಸೆನು ಎಂದು ಶ್ರಾವಕನು ಸ್ವೀಕರಿಸುವ ನಿಯಮ ದೇಶವ್ರತ. ಅದಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಆನಯನ, ಪ್ರೇಷ್ಯಪ್ರಯೋಗ, ಶಬ್ದಾನುಪಾತ, ರೂಪಾನುಪಾತ, ಪುದ್ಗಲಕ್ಷೇಪ. ಎಲ್ಲೆಯ ಆಚೆಯಿಂದ ವಸ್ತುವನ್ನು ತರಿಸುವುದು, ಆಳನ್ನು ಕಳುಹಿಸುವುದು, ಧ್ವನಿಯಿಂದ ಸೂಚಿಸುವುದು, ತನ್ನ ರೂಪವನ್ನು ತೋರಿಸಿ ಸನ್ನೆ ಮಾಡುವುದು, ಕಲ್ಲು ಹೆಂಟೆ ಎಸೆದು ಗಮನ ಸೆಳೆಯುವುದು ಎಂದು ಇವುಗಳ ಅರ್ಥ. ಕಾಲು ಎಲ್ಲೆ ದಾಟಲಿಲ್ಲ, ಆದರೂ ವ್ರತಕ್ಕೆ ದೋಷ ತಗಲಿತು. ಧ್ವನಿ ಫೋನಿನಲ್ಲಿ ಹೋಗುತ್ತದೆ, ರೂಪ ವಿಡಿಯೋ ಕರೆಯಲ್ಲಿ ಹೋಗುತ್ತದೆ, ವಸ್ತು ಕೊರಿಯರ್‌ನಲ್ಲಿ ಹೋಗುತ್ತದೆ ಎಂಬಷ್ಟೇ ಇಂದಿನ ವಿಶೇಷ. ನಮ್ಮ ಕೈ ಎಷ್ಟು ದೂರ ಚಾಚುವುದೋ ಅಷ್ಟು ದೂರ ನಮ್ಮ ಕರ್ತೃತ್ವವೂ ಚಾಚುತ್ತದೆ ಎಂಬುದು ಇದರಿಂದ ಹೊರಡುವ ಅರ್ಥ.

ಮದುವೆಯ ಸಂದರ್ಭದಲ್ಲಿ ಈ ಮಾತಿಗೆ ನೇಮಿನಾಥ ತೀರ್ಥಂಕರರ ಕಥೆಗಿಂತ ಉತ್ತಮ ನಿದರ್ಶನ ಬೇಕಿಲ್ಲ. ರಾಜೀಮತಿಯೊಡನೆ ಮದುವೆ ನಿಶ್ಚಯವಾಗಿ ದಿಬ್ಬಣ ಸಾಗಿತ್ತು. ದಾರಿಯಲ್ಲಿ ಕೂಡಿಹಾಕಿದ್ದ ಮೃಗಗಳ ಆಕ್ರಂದನ ಕೇಳಿಸಿತು. ಅವುಗಳನ್ನು ಕೂಡಿಹಾಕಲು ನೇಮಿಕುಮಾರನು ಅಪ್ಪಣೆ ಕೊಟ್ಟಿರಲಿಲ್ಲ, ಏರ್ಪಾಡೆಲ್ಲ ಬೇರೆಯವರದು. ಅವನು ಮಾಡಿದ್ದು ಒಂದೇ, ಇವು ಯಾರ ನಿಮಿತ್ತ ಇಲ್ಲಿವೆ ಎಂದು ವಿಚಾರಿಸಿದ್ದು. ತನ್ನ ಮದುವೆಯ ನಿಮಿತ್ತವೆಂದು ತಿಳಿದ ಮೇಲೆ 'ನಾನು ಹೇಳಿರಲಿಲ್ಲ' ಎಂಬ ಸಮಾಧಾನಕ್ಕೆ ಅವನ ಮನಸ್ಸು ಇಳಿಯಲಿಲ್ಲ. ರಥ ಹಿಂದಿರುಗಿತು, ಗಿರ್ನಾರ್ ಪರ್ವತ ತಪೋಭೂಮಿಯಾಯಿತು. ಆ ವೈರಾಗ್ಯವು ತೀರ್ಥಂಕರರಿಗೆ ಮಾತ್ರ ಸಾಧ್ಯ. ಆದರೆ ದಿಬ್ಬಣದ ನಡುವೆ ನಿಂತು ವಿಚಾರಿಸುವ ಕೆಲಸ ಗೃಹಸ್ಥನಿಗೂ ಅಸಾಧ್ಯವಲ್ಲ.

ನಮ್ಮ ಮದುವೆಗಳಲ್ಲಿ ಮೃಗಗಳನ್ನು ಕೂಡಿಹಾಕುವುದಿಲ್ಲ ನಿಜ. ಹಾಗಾದರೆ ವಿಚಾರಿಸಬೇಕಾದದ್ದೇನು? ಅಂಗಡಿಯವನ ಲೆಕ್ಕವನ್ನೇ ಹೇಳುತ್ತೇನೆ. 800 ಎಲೆ ಊಟವೆಂದು ಇಟ್ಟುಕೊಳ್ಳೋಣ. ತಂದೆಯು ಫೋನಿನಲ್ಲಿ ಹಟಹಿಡಿದು ಎಲೆಗೆ 40 ರೂಪಾಯಿ ಕಡಿಮೆ ಮಾಡಿಸಿದ. ಉಳಿದದ್ದು 32,000 ರೂಪಾಯಿ. ಈ ಹಣ ಆಕಾಶದಿಂದ ಬೀಳಲಿಲ್ಲ. ಗುತ್ತಿಗೆದಾರನ ಲಾಭದಿಂದ ಬಂದಿರಬೇಕು, ಇಲ್ಲವೇ ಎಣ್ಣೆ ಬೇಳೆಗಳ ಗುಣದಿಂದ, ಅದೂ ಇಲ್ಲದಿದ್ದರೆ ಬಡಿಸುವವರ ಮತ್ತು ಪಾತ್ರೆ ತೊಳೆಯುವವರ ಕೂಲಿಯಿಂದ. ಮೊದಲ ಎರಡರ ಧಣಿಗಳು ಬಾಯಿಬಿಟ್ಟು ಚೌಕಾಶಿ ಮಾಡಬಲ್ಲರು. ಮೂರನೆಯವರು ಮಾಡಲಾರರು. ಆದ್ದರಿಂದ ಕಡಿತದ ಭಾರ ಬಹುಶಃ ಇಳಿಯುವುದು ಅಲ್ಲಿಯೇ. ಕಾರ್ಯಾಲಯದ ಹಿಂಬದಿಯಲ್ಲಿ ಮಧ್ಯರಾತ್ರಿಯವರೆಗೆ ಹಂಡೆ ಉಜ್ಜುವವರಲ್ಲಿ ಶಾಲೆಯಲ್ಲಿರಬೇಕಾದ ಹುಡುಗನಿದ್ದರೂ ದೆಹಲಿಗೆ ಬರುವ ಚಿತ್ರದಲ್ಲಿ ಅವನು ಕಾಣುವುದಿಲ್ಲ. 14 ವರ್ಷದೊಳಗಿನ ಮಕ್ಕಳನ್ನು ಇಂಥ ಕೂಲಿಗೆ ಇಟ್ಟುಕೊಳ್ಳುವುದನ್ನು 2016ರ ತಿದ್ದುಪಡಿಯಿಂದ ಕಾನೂನು ಸಂಪೂರ್ಣ ನಿಷೇಧಿಸಿದೆ. ಕಾನೂನಿಗೆ ಉತ್ತರ ಹೇಳುವವನು ಗುತ್ತಿಗೆದಾರನಿರಬಹುದು. ಆದರೆ ಉಳಿಸಿದ ಹಣವನ್ನು ಮೆಚ್ಚಿಕೊಂಡವನ ಅನುಮೋದನೆ ಎಲ್ಲಿಗೆ ಹೋಯಿತು?

ಹೀಗೆಯೇ ಸಂಜೆ ಏಳು ಗಂಟೆಗೆ ಆರತಕ್ಷತೆ ಇಟ್ಟು, ಸೂರ್ಯಾಸ್ತದ ಮುಂಚೆ ಊಟ ಮುಗಿಸುವ ನಿಯಮವನ್ನು ನೂರಾರು ಜನರಿಂದ ಮುರಿಸುವುದೂ ಕಾರಿತವೇ. ಮೂವತ್ತು ಬಗೆಯ ಪದಾರ್ಥಗಳನ್ನು ಮಾಡಿಸಿ ಅರ್ಧವನ್ನು ಎಲೆಯಲ್ಲೇ ಬಿಡಿಸುವುದೂ ಅನರ್ಥದಂಡವೇ. ಅಗತ್ಯವನ್ನು ಮೀರಿದ ಉಪಭೋಗ ಸಾಮಗ್ರಿಯನ್ನೂ, ಹಿಂದುಮುಂದು ನೋಡದೆ ಮಾಡುವ ಕಾರ್ಯವನ್ನೂ ಶಾಸ್ತ್ರವು ಅನರ್ಥದಂಡವ್ರತದ ಅತಿಚಾರಗಳಲ್ಲಿ ಸೇರಿಸಿರುವುದನ್ನು ಮರೆಯಬಾರದು.

ಇನ್ನು ಯಾರೂ ಹೆಚ್ಚು ಮಾತನಾಡದ ಒಂದು ಸಂಗತಿಯಿದೆ. ದೂರದಿಂದ ಮದುವೆ ಮಾಡಿಸುವವರಿಗೆ ಊರಿನಲ್ಲಿ ಒಬ್ಬ ತಮ್ಮನೋ ಮೈದುನನೋ ಇರುತ್ತಾನೆ. ಮೂರು ತಿಂಗಳು ಅವನು ತನ್ನ ಅಂಗಡಿ ಮುಚ್ಚಿ ಓಡಾಡುತ್ತಾನೆ. ಕೈಯಿಂದ ಸಣ್ಣಪುಟ್ಟ ಖರ್ಚು ಹಾಕುತ್ತಾನೆ, 'ಇರಲಿ ಬಿಡಣ್ಣಾ' ಎಂದು ಲೆಕ್ಕ ಕೊಡಲು ಸಂಕೋಚಪಡುತ್ತಾನೆ. ಕಾರ್ಯ ಚೆನ್ನಾಗಿ ಆದರೆ ಕೀರ್ತಿ ಅಣ್ಣನಿಗೆ, ಪಲ್ಯಕ್ಕೆ ಉಪ್ಪು ಹೆಚ್ಚಾದರೆ ಅಪವಾದ ತಮ್ಮನಿಗೆ. ಪ್ರತಿನಿಧಿಯು ನ್ಯಾಯವಾಗಿ ಮಾಡಿದ ಕಾರ್ಯದಿಂದ ಅವನಿಗೆ ಬಂದ ಹೊರೆಯನ್ನು ಧಣಿ ತುಂಬಿಕೊಡಬೇಕೆಂದು ಕರಾರು ಕಾಯಿದೆಯ 222ನೆಯ ಕಲಮು ಹೇಳುತ್ತದೆ. ರಕ್ತಸಂಬಂಧದಲ್ಲಿ ಕಾಯಿದೆಯಷ್ಟೂ ನ್ಯಾಯ ಬೇಡವೆ?

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಪ್ರತಿಯೊಂದಕ್ಕೂ ನಾವೇ ಹೊಣೆಯೆಂದರೆ ಗೃಹಸ್ಥನು ಬದುಕುವುದು ಹೇಗೆ? ಅಕ್ಕಿ ಬೆಳೆದವನಿಂದ ಹೂ ಕಟ್ಟಿದವಳವರೆಗೆ ಎಲ್ಲರನ್ನೂ ವಿಚಾರಿಸುತ್ತ ಹೋದರೆ ಮುಹೂರ್ತ ಮೀರಿ ಹೋಗುತ್ತದೆ. ಈ ಆಕ್ಷೇಪಣೆಯಲ್ಲಿ ಹುರುಳಿದೆ. ಮುಖ್ಯ ಸಂಗತಿಗಳು ತಿಳಿಯದೆ ಕೊಟ್ಟ ಒಪ್ಪಿಗೆ ಸಿಂಧುವಲ್ಲವೆಂದು ಕಾಯಿದೆಯೂ 198ನೆಯ ಕಲಮಿನಲ್ಲಿ ಹೇಳಿದೆ. ಆದರೆ ಧರ್ಮವು ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಹಿಂಸೆಯ ಲಕ್ಷಣದಲ್ಲಿಯೇ ಅದು ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು, ಸೇರಿಸಿದೆ. ತಿಳಿಯಲು ಸಾಧ್ಯವೇ ಇಲ್ಲದ್ದು ಬೇರೆ, ಒಂದು ಮಾತು ಕೇಳಿದ್ದರೆ ತಿಳಿಯುತ್ತಿದ್ದುದನ್ನು ಕೇಳದೆ ಉಳಿದದ್ದು ಬೇರೆ. ಮೊದಲನೆಯದು ಗೃಹಸ್ಥನ ಮಿತಿ. ಎರಡನೆಯದು ಪ್ರಮಾದ. ಅಷ್ಟೆಲ್ಲವನ್ನೂ ವಿಚಾರಿಸಲಾಗದು ಎನ್ನುವವನಿಗೆ ಇನ್ನೊಂದು ದಾರಿಯೂ ಇದೆ. ವಿಚಾರಿಸಬಹುದಾದಷ್ಟೇ ದೊಡ್ಡದಾಗಿ ಮದುವೆಯನ್ನು ಮಾಡುವುದು. ಅಣುವ್ರತಗಳ ಹಾದಿ ಪರಿಮಾಣದ ಹಾದಿ.

ಇದರ ವಿರುದ್ಧ ದಿಕ್ಕಿನ ದೋಷವೂ ಉಂಟು. ಹೊಣೆಯ ಹೆಸರಿನಲ್ಲಿ ದಿನಕ್ಕೆ ಹತ್ತು ಬಾರಿ ಫೋನು ಮಾಡಿ, ಹೂವಿನ ಬಣ್ಣದಿಂದ ಹಪ್ಪಳದ ಗಾತ್ರದವರೆಗೆ ಅಪ್ಪಣೆ ಕೊಡುವವರನ್ನು ನೋಡುತ್ತೇವೆ. ಅದು ಎಚ್ಚರವಲ್ಲ, ಮಾನಕಷಾಯ. ಅದರಿಂದ ಸ್ಥಳದಲ್ಲಿರುವವರ ವಿವೇಕ ಕುಂದುತ್ತದೆ. ಕೊನೆಗೆ ಯಾರ ಮದುವೆಯೋ ಆ ಮಗಳ ಇಷ್ಟವೂ ಕೇಳದೆ ಹೋಗುತ್ತದೆ. ಕೆಲಸವನ್ನು ನಂಬಿ ವಹಿಸಿಕೊಡಬೇಕು. ವಹಿಸಿಕೊಡಲಾಗದ್ದು ಹೊಣೆ ಮಾತ್ರ.

ಹಾಗಾದರೆ ಆಚರಣೆಯಲ್ಲಿ ಮಾಡಬೇಕಾದದ್ದೇನು? ನನಗೆ ತೋರಿದ ನಾಲ್ಕು ಮಾತುಗಳನ್ನು ವಾಚಕ ಬಂಧುಗಳ ಮುಂದಿಡುತ್ತೇನೆ. ಒಂದು, ದರ ವಿಚಾರಿಸುವುದಕ್ಕೆ ಮೊದಲು ಮಗಳನ್ನೂ ಬೀಗರನ್ನೂ ಕೂಡಿಕೊಂಡು ಅತಿಥಿಗಳ ಸಂಖ್ಯೆ, ಪದಾರ್ಥಗಳ ಸಂಖ್ಯೆ, ಒಟ್ಟು ಖರ್ಚು ಇವುಗಳ ಪರಿಮಾಣವನ್ನು ಅಂಕಿಯಲ್ಲಿ ಬರೆದಿಡಬೇಕು. ಎರಡು, ಗುತ್ತಿಗೆಯ ಪತ್ರದಲ್ಲಿ ಊಟದ ಪಟ್ಟಿಯ ಜೊತೆಗೆ ಆಳುಗಳ ಸಂಖ್ಯೆ, ಅವರ ದಿನಗೂಲಿ, ಮಕ್ಕಳನ್ನು ದುಡಿಸಬಾರದೆಂಬ ಷರತ್ತು, ಹಗಲಿನಲ್ಲೇ ಊಟ, ಸೋಸಿದ ನೀರು, ಮಿಕ್ಕ ಅನ್ನವನ್ನು ಹೊತ್ತಿಗೆ ಮುಂಚೆ ಯಾರಿಗೆ ತಲುಪಿಸಬೇಕೆಂಬುದು ಇವನ್ನೂ ಕಾಣಿಸಬೇಕು. 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ ಲೋಟಗಳಿಗೆ ನಿಷೇಧವಿದೆ, ಬಾಳೆ ಎಲೆಗೆ ಎಂದೂ ಇರಲಿಲ್ಲ. ಮೂರು, ಊರಿನಲ್ಲಿ ಓಡಾಡುವ ತಮ್ಮನಿಗೆ ಭಾರದ ಜೊತೆಗೆ ಅಧಿಕಾರವನ್ನೂ, ಮುಂಗಡ ಹಣವನ್ನೂ ಕೊಡಬೇಕು. ನಾಲ್ಕು, ಮದುವೆಯ ಮರುದಿನವೇ ಊರು ಬಿಡದೆ ಒಂದು ದಿನ ನಿಂತು, ಅಡುಗೆ ಮನೆಯ ಹಿಂಬದಿಗೂ ಹೋಗಿ, ಕೂಲಿ ಅವರವರ ಕೈಸೇರಿದುದನ್ನು ಕಣ್ಣಾರೆ ನೋಡಿ ಹೊರಡಬೇಕು.

ಕಾರಿತ ಮತ್ತು ಅನುಮೋದನೆಗಳು ಪಾಪಕ್ಕೆ ಮಾತ್ರ ದ್ವಾರವಲ್ಲ ಎಂಬುದನ್ನು ಹೇಳದೆ ಈ ವಿಚಾರ ಪೂರ್ಣವಾಗದು. ವಜ್ರಜಂಘನೂ ಶ್ರೀಮತಿಯೂ ಮುನಿಗಳಿಗೆ ಆಹಾರದಾನ ಮಾಡಿದಾಗ, ದೂರದಿಂದ ಅದನ್ನು ನೋಡಿ ಸಂತೋಷಪಟ್ಟ ಶಾರ್ದೂಲ, ವರಾಹ, ವಾನರ, ನಕುಲಗಳು ಆ ಅನುಮೋದನೆಯಿಂದಲೇ ಭೋಗಭೂಮಿಯಲ್ಲಿ ಜನಿಸಿದ ಕಥೆ ಆದಿಪುರಾಣದಲ್ಲಿದೆ. ಅವುಗಳ ಕೈಯಲ್ಲಿ ಕೊಡಲು ಏನೂ ಇರಲಿಲ್ಲ. ಪುಣ್ಯವು ದೂರವನ್ನು ದಾಟಿ ಬಂದು ಸೇರುವುದಾದರೆ ಪಾಪವೂ ದಾಟುತ್ತದೆ. ಒಂದನ್ನು ಒಪ್ಪಿ ಇನ್ನೊಂದನ್ನು ಒಲ್ಲೆನೆನ್ನಲಾಗದು. ದೂರದಲ್ಲಿದ್ದೂ ನ್ಯಾಯವಾಗಿ ಮದುವೆ ಮಾಡಿಸಿದ ತಂದೆಗೆ, ಅಲ್ಲಿ ತೃಪ್ತರಾಗಿ ಉಂಡವರ, ಕೂಲಿ ಪಡೆದು ಮನೆಗೆ ಹೋದವರ ಸಂತೋಷದಲ್ಲಿ ಪಾಲಿದೆ. ಮಗಳಿಗೆ ಒಡವೆಯ ಜೊತೆಗೆ ಕೊಟ್ಟು ಕಳುಹಿಸಬಹುದಾದದ್ದು ಅದೇ.