ಪ್ರನಾಳದ ಹಳದಿ

ಪಿಯುಸಿಯಲ್ಲಿ ಲವಣ ಪರೀಕ್ಷೆ ಮಾಡಿದವರಿಗೆ ಆ ಹಳದಿ ನೆನಪಿರುತ್ತದೆ. ಲವಣದಲ್ಲಿ ಫಾಸ್ಫೇಟ್ ಇದ್ದರೆ, ನೈಟ್ರಿಕ್ ಆಮ್ಲ ಮತ್ತು ಅಮೋನಿಯಂ ಮಾಲಿಬ್ಡೇಟ್ ಹಾಕಿ ಕಾಯಿಸಿದಾಗ ತಿಳಿಯಾಗಿದ್ದ ದ್ರಾವಣ ನೋಡನೋಡುತ್ತ ಸೇವಂತಿಗೆಯ ಬಣ್ಣಕ್ಕೆ ತಿರುಗಿ, ಪುಡಿ ತಳಕ್ಕಿಳಿಯುತ್ತದೆ. ರೆಕಾರ್ಡ್ ಪುಸ್ತಕದಲ್ಲಿ ‘ಫಾಸ್ಫೇಟ್ ಇದೆ’ ಎಂದು ಬರೆದರೆ ಆಯಿತು, ಅದರ ಕೆಲಸ ಮುಗಿಯಿತು. ರಸಾಯನ ವಿಜ್ಞಾನಿ ಬರ್ಸೀಲಿಯಸ್ 1826ರಲ್ಲೇ ಕಂಡಿದ್ದ ಈ ಪುಡಿಗೆ ಇನ್ನೊಂದು ಬದುಕೂ ಇದೆಯೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಅಮೆರಿಕದ ಐಡಾಹೋದಲ್ಲಿ ಉರಿದ ಅಣು ಇಂಧನವನ್ನು ಸಂಸ್ಕರಿಸಿದ ಕೆಲಸದಿಂದ ಉಳಿದ ಆಮ್ಲೀಯ ತ್ಯಾಜ್ಯ ಸ್ಟೀಲ್ ತೊಟ್ಟಿಗಳಲ್ಲಿ ತುಂಬಿತ್ತು. ಸುಮಾರು 9 ಲಕ್ಷ ಗ್ಯಾಲನ್. ಅದರೊಳಗೆ ಸೀಸಿಯಂ-137. ಅರ್ಧ ಕ್ಷಯಿಸಲು 30 ವರ್ಷ, ಉಳಿದರ್ಧದ ಅರ್ಧಕ್ಕೆ ಮತ್ತೆ 30. ಇದನ್ನು ಹೆಕ್ಕಿ ತೆಗೆಯಬೇಕು. ಆದರೆ ಸುತ್ತ ಅದೇ ಕುಲದ ಸೋಡಿಯಂ, ಪೊಟ್ಯಾಸಿಯಂಗಳದೇ ರಾಶಿ. ಜೊತೆಗೆ ಆಮ್ಲ, ಎಂದರೆ ಹೈಡ್ರೋಜನ್ ಅಯಾನುಗಳ ಜಾತ್ರೆ. ಸಾಮಾನ್ಯ ಅಯಾನು ವಿನಿಮಯ ರಾಳಗಳು ಇಲ್ಲಿ ಸೋಲುತ್ತವೆ. ಖಾಲಿಯಾದ ಪ್ರತಿ ಜಾಗಕ್ಕೂ ಹೈಡ್ರೋಜನ್ ಮೊದಲು ಬಂದು ಕೂರುತ್ತದೆ.

ಆ ಹಳದಿ ಪುಡಿ ಮಾತ್ರ ಸೋಲುವುದಿಲ್ಲ. ಕ್ಷಾರದಲ್ಲಿ ಕರಗಿಹೋಗುವ ಅದು ಹುಟ್ಟಿದ್ದೇ ಆಮ್ಲದಲ್ಲಿ. ನಡುವೆ ಒಂದು ರಂಜಕ, ಸುತ್ತ 12 ಮಾಲಿಬ್ಡಿನಂ, 40 ಆಮ್ಲಜನಕ: ಇಂಥ ಗೂಡುಗಳ ಸಾಲು ಸಾಲು, ಅವುಗಳ ಎಡೆಯಲ್ಲಿ ಅಮೋನಿಯಂ. ಸೋಡಿಯಂ ತನ್ನ ಸುತ್ತಲ ನೀರನ್ನು ಬಿಗಿಯಾಗಿ ಹೊದ್ದಿರುತ್ತದೆ. ದೊಡ್ಡ ಮೈಯ ಸೀಸಿಯಂಗೆ ಆ ಹಿಡಿತ ಸಡಿಲ. ನೀರನ್ನು ಕಳಚಿ ಎಡೆಗೆ ಇಳಿಯುತ್ತದೆ, ಅಮೋನಿಯಂ ಎದ್ದು ಹೋಗುತ್ತದೆ. ಗುರುತು ಹಿಡಿಯಿತು ಎನ್ನಲೇ? ಕಣ್ಣಿಲ್ಲ, ಮನಸ್ಸಿಲ್ಲ. ಅಳತೆ ಒಪ್ಪಿತು, ನೀರು ಬಿಟ್ಟಿತು, ಅಷ್ಟೆ. ಈ ‘ಅಷ್ಟೆ’ಯನ್ನು ದಾಟಿ ಮುಂದೆ ಹೋಗಲು ನನಗೆ ಇವತ್ತಿಗೂ ಆಗಿಲ್ಲ.

ಪುಡಿ ತೀರಾ ನುಣುಪು, ಕೊಳವೆಯಲ್ಲಿ ತುಂಬಿದರೆ ದ್ರವ ಇಳಿಯದು. ಪ್ರಾಗ್‌ನ ರಸಾಯನ ವಿಜ್ಞಾನಿ ಫರ್ಡಿನಾಂಡ್ ಷೆಬೆಸ್ತಾ ಅದನ್ನು ಪಾಲಿಅಕ್ರಿಲೋನೈಟ್ರೈಲ್ ಮಣಿಗಳೊಳಗೆ ಹಿಡಿದಿಟ್ಟರು. ಅಕ್ರಿಲಿಕ್ ಸ್ವೆಟರಿನ ನೂಲಿನ ವಸ್ತುವೇ ಅದು. ಐಡಾಹೋದ ನಿಜವಾದ ತ್ಯಾಜ್ಯವನ್ನೇ ಆ ಮಣಿಗಳ ಮೇಲೆ ಹರಿಸಿ ನೋಡಲಾಯಿತು. ಸೀಸಿಯಂ ಮಣಿಗಳಲ್ಲೇ ನಿಂತಿತು.

1860ರಲ್ಲಿ ವಿಜ್ಞಾನಿಗಳಾದ ಬುನ್ಸೆನ್, ಕಿರ್ಖಾಫ್ ಜರ್ಮನಿಯ ಡುರ್ಕ್‌ಹೈಮ್‌ನ ಚಿಲುಮೆ ನೀರಿನ ರೋಹಿತದಲ್ಲಿ ಎರಡು ನೀಲಿ ಗೆರೆ ಕಂಡು, ಆಕಾಶನೀಲಿ ಎಂಬರ್ಥದ ಲ್ಯಾಟಿನ್ ಪದದಿಂದ ಸೀಸಿಯಂ ಎಂದು ಹೆಸರಿಟ್ಟರು. ಅದರ ಕೆಲವೇ ಗ್ರಾಂ ಲವಣಕ್ಕಾಗಿ 40 ಸಾವಿರಕ್ಕೂ ಹೆಚ್ಚು ಲೀಟರ್ ನೀರನ್ನು ಇಂಗಿಸಬೇಕಾಯಿತು. ಆ ನೀಲಿಯನ್ನು ಒಳಗೆ ಕರೆದುಕೊಳ್ಳಬಲ್ಲ ಹಳದಿ ಅಂದು ನನ್ನ ಪ್ರನಾಳದ ತಳದಲ್ಲಿತ್ತು. ರೆಕಾರ್ಡಿನಲ್ಲಿ ಬರೆದು, ಅದನ್ನು ಸಿಂಕಿಗೆ ಸುರಿದು, ನಲ್ಲಿ ತಿರುಗಿಸಿದ್ದೆ.