ಸೋರಿದ ಕಟ್ಟ ಯಾರದು?

ಸಹೋದರರೇ, ಪುತ್ತೂರು, ಸುಳ್ಯ, ಕಡಬದ ಅಡಿಕೆ ಕೃಷಿಕರಿಗೆ ಕಟ್ಟವೆಂದರೇನೆಂದು ವಿವರಿಸಬೇಕಾಗಿಲ್ಲ. ಮಳೆ ನಿಂತು ತೋಡಿನ ಹರಿವು ಇಳಿದಾಗ ನೆರೆಹೊರೆಯವರು ಸೇರಿ ಕಲ್ಲು, ಮಣ್ಣು ಹಾಕಿ ಕಟ್ಟುವ ತಡೆ ಅದು. ಮಳೆಗಾಲಕ್ಕೆ ಉಳಿಯದು, ವರ್ಷವೂ ಹೊಸದಾಗಿ ಕಟ್ಟಬೇಕು. ತಪ್ಪು ತಿದ್ದುವ ಅವಕಾಶವೂ ವರ್ಷಕ್ಕೊಮ್ಮೆ ಸಿಗುತ್ತದೆ. ನಾವದನ್ನು ಬಳಸುವುದು ಕಡಿಮೆ.

ಕಟ್ಟ ಸೋರಿತೆನ್ನಿ. ಮೊದಲ ಪ್ರಶ್ನೆ, "ಆ ಬದಿಗೆ ಮಣ್ಣು ಮೆತ್ತಿದವನಾರು?" ಒಂದು ಹೆಸರು ಸಿಕ್ಕಿದರೆ ಉಳಿದವರಿಗೆ ಸಮಾಧಾನ. ಆದರೆ ಕೆಲಸ ತಡಮಾಡಿದವರಾರು? ಬುಡದ ಮರಳು ತೆಗೆಯದೆ ಕಲ್ಲಿಟ್ಟವರಾರು? ಕಳೆದ ವರ್ಷವೂ ಅಲ್ಲೇ ಸೋರಿದ್ದು ತಿಳಿದಿದ್ದೂ ಬಾಯಿ ಬಿಡದವರಾರು?

ಬುಖಾರಿಯಲ್ಲಿರುವ ಹಡಗಿನ ಉಪಮೆ ನಿಮಗೆ ಗೊತ್ತು. ಕೆಳಗಿನ ಅಂತಸ್ತಿನವರು ನೀರಿಗಾಗಿ ಮೇಲೆ ಹೋಗಿ ಅಲ್ಲಿಯವರಿಗೆ ತೊಂದರೆ ಕೊಡುವುದೇಕೆಂದು ತಮ್ಮ ಪಾಲಿನಲ್ಲೇ ತೂತು ಕೊರೆಯಲು ಯೋಚಿಸುತ್ತಾರೆ. ಅವರ ಉದ್ದೇಶ ಕೆಟ್ಟದ್ದಲ್ಲ, ಗಮನಿಸಿ. ತಡೆದರೆ ಎಲ್ಲರೂ ಉಳಿಯುತ್ತಾರೆ, ಬಿಟ್ಟರೆ ಎಲ್ಲರೂ ಮುಳುಗುತ್ತಾರೆ ಎಂದರು ಪ್ರವಾದಿ(ಸ)ರು. ಮೇಲಿನವರ ಮೌನಕ್ಕೂ ಅಲ್ಲಿ ಲೆಕ್ಕವಿದೆ.

ಹಾಗೆಂದು ಉದಾಸೀನ ಮಾಡಿದವನಿಗೆ ವಿನಾಯಿತಿಯೇ? ಇಲ್ಲ, ತನ್ನ ಅಮಾನತ್ತಿಗೆ ಅವನೇ ಅಲ್ಲಾಹನ ಮುಂದೆ ಉತ್ತರಿಸಬೇಕು. ಆದರೆ ಅವನೊಬ್ಬನನ್ನು ಬೈದರೆ ತೋಟಕ್ಕೆ ನೀರು ಬರುವುದಿಲ್ಲ. ಈ ಸಲ ಹಾರೆ ಹಿಡಿಯುವ ಮುನ್ನ ಮಶೂರಾಕ್ಕೆ ಕುಳಿತು, ಹಿಂದೆ ಎಲ್ಲಿ ಸೋರಿತೆಂದು ಕೇಳಿ. ಮಣ್ಣು ಮೆತ್ತಿದವನನ್ನೂ ಕರೆಯಿರಿ. ಸೋರಿದ ಜಾಗವನ್ನು ಹತ್ತಿರದಿಂದ ಕಂಡವನು ಅವನೇ.