ಒಪ್ಪಿಗೆ ಇತ್ತಲ್ಲ, ಮತ್ತೇನು ತಪ್ಪು?

ಮೇಷ್ಟ್ರೊಬ್ಬರ ಮೇಲೆ ವಿದ್ಯಾರ್ಥಿನಿಯ ವಿಷಯದಲ್ಲಿ ದೂರು ಬಂತೆಂದರೆ ಊರಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ: ಬಲವಂತ ಮಾಡಿದರಂತೋ, ಹುಡುಗಿಯೂ ಒಪ್ಪಿದ್ದಳಂತೋ? ಬಲವಂತ ಎಂದರೆ ಎಲ್ಲರೂ ಕೆರಳುತ್ತಾರೆ. ಒಪ್ಪಿದ್ದಳು ಎಂದರೆ ದನಿ ತಗ್ಗುತ್ತದೆ, ‘ಎರಡೂ ಕೈ ಸೇರದೆ ಚಪ್ಪಾಳೆ ಆಗುತ್ತದೆಯೇ’ ಎಂಬ ಮಾತು ಬರುತ್ತದೆ. ಕಾನೂನು ಮಾತ್ರ ಅಲ್ಲಿಗೆ ಕೈತೊಳೆದುಕೊಳ್ಳುವುದಿಲ್ಲ. ಕಲಿಸುವವರು ಮತ್ತು ಕಲಿಯುವವರ ನಡುವೆ ಒಪ್ಪಿಗೆ ಇದ್ದರೂ ಅಪರಾಧ ಅಪರಾಧವೇ ಆಗಬಹುದು ಎನ್ನುತ್ತದೆ. ಇದು ಹೇಗೆ ಸಾಧ್ಯ ಎಂಬುದು ವಕೀಲರ ಪ್ರಶ್ನೆಯಷ್ಟೇ ಅಲ್ಲ, ತತ್ತ್ವಶಾಸ್ತ್ರದ ಪ್ರಶ್ನೆಯೂ ಹೌದು.

ಒಪ್ಪಿಗೆಗೆ ಇಂದಿರುವ ತೂಕ ಬಂದದ್ದು ಆಧುನಿಕ ಚಿಂತನೆಯಿಂದ. ಬೇರೆಯವರಿಗೆ ಹಾನಿಯಾಗದ ಹೊರತು ವ್ಯಕ್ತಿಯ ಬದುಕಿನಲ್ಲಿ ಸಮಾಜ ಕೈಹಾಕಬಾರದು ಎಂದು ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ‘ಆನ್ ಲಿಬರ್ಟಿ’ಯಲ್ಲಿ ವಾದಿಸಿದ. ಮಕ್ಕಳಿಗೆ ಈ ಮಾತು ಅನ್ವಯಿಸದು ಎಂದೂ ಅಲ್ಲೇ ಬರೆದ. ವಯಸ್ಸಿನ ಗೆರೆ ಎಳೆಯುವುದು ಅಂದಿನಿಂದಲೂ ಜಗಳದ ವಿಷಯವೇ. ಬ್ರಿಟಿಷ್ ಇಂಡಿಯಾದಲ್ಲಿ ಒಪ್ಪಿಗೆಯ ವಯಸ್ಸು 1860ರಲ್ಲಿ 10, 1891ರಲ್ಲಿ ದೊಡ್ಡ ಗದ್ದಲದ ನಡುವೆ 12. ಇಂದು 18.

ಆದರೆ ವಯಸ್ಸು ತುಂಬಿದ ಮಾತ್ರಕ್ಕೆ ಒಪ್ಪಿಗೆ ಒಪ್ಪಿಗೆಯಾಗುತ್ತದೆಯೇ? ವಿಷಯ ಏನೆಂದು ತಿಳಿದಿರಬೇಕು, ತೂಗಿ ನೋಡುವ ಶಕ್ತಿ ಇರಬೇಕು. ಇವೆರಡನ್ನು ಎಲ್ಲರೂ ಹೇಳುತ್ತಾರೆ. ಮರೆತುಹೋಗುವುದು ಮೂರನೆಯದು: ‘ಆಗುವುದಿಲ್ಲ’ ಎಂದರೆ ಏನೂ ಕಳೆದುಕೊಳ್ಳದಂತಿರಬೇಕು. ಪಿಎಚ್.ಡಿ. ಮಾಡುತ್ತಿರುವ ಇಪ್ಪತ್ತಾರರ ಹುಡುಗಿಯನ್ನೇ ನೋಡಿ. ಆರು ತಿಂಗಳಿಗೊಮ್ಮೆ ಕೊಡುವ ಪ್ರಗತಿ ವರದಿಗೆ ಗೈಡ್ ಸಹಿ ಬೇಕು. ಫೆಲೋಶಿಪ್ ಹಣ ಬಿಡುಗಡೆಯಾಗಲು ಅವರದೇ ಸಹಿ. ಸಿನಾಪ್ಸಿಸ್ ಮುಂದಕ್ಕೆ ಹೋಗುವುದು, ಮುಂದೆ ಕೆಲಸಕ್ಕೆ ಅರ್ಜಿ ಹಾಕುವಾಗ ಶಿಫಾರಸು ಪತ್ರ ಸಿಗುವುದು, ಎಲ್ಲವೂ ಅವರ ಮರ್ಜಿ. ರಾತ್ರಿ ಹನ್ನೊಂದಕ್ಕೆ ವಾಟ್ಸಾಪಿನಲ್ಲಿ ‘ಊಟ ಆಯ್ತಾ?’ ಎಂದು ಬಂದ ಮೆಸೇಜಿಗೆ ಅವಳು ಉತ್ತರಿಸುವಾಗ ಎದುರಿಗಿರುವುದು ಒಬ್ಬ ಗಂಡಸಷ್ಟೇ ಅಲ್ಲ, ಅವನ ಕೈಯಲ್ಲಿರುವ ಪೆನ್ನೂ ಕೂಡ. ಆತ ಬಾಯಿಬಿಟ್ಟು ಒಂದು ಬೆದರಿಕೆಯ ಮಾತಾಡಿರಲಿಕ್ಕಿಲ್ಲ. ಆಡುವ ಅಗತ್ಯವೇ ಇಲ್ಲ. ಎಸ್ಸೆಸ್ಸೆಲ್ಸಿ ಹುಡುಗಿಗಾದರೆ ಆಂತರಿಕ ಮೌಲ್ಯಮಾಪನದ 20 ಅಂಕವೇ ಸಾಕು.

ಈ ಸೂಕ್ಷ್ಮ ನಮ್ಮ ಕಾನೂನಿಗೆ ಹೊಸದಲ್ಲ. 1872ರ ಕರಾರು ಕಾಯ್ದೆಯ 16ನೇ ಸೆಕ್ಷನ್, ಒಬ್ಬರ ಮನಸ್ಸನ್ನು ಆಳುವ ಸ್ಥಾನದಲ್ಲಿರುವವರು ಆ ಸ್ಥಾನ ಬಳಸಿ ಲಾಭ ಪಡೆದರೆ ಕರಾರಿನ ಒಪ್ಪಿಗೆಗೆ ಬೆಲೆಯಿಲ್ಲ ಎನ್ನುತ್ತದೆ. 1890ರಲ್ಲಿ ಅಲಹಾಬಾದ್ ಹೈಕೋರ್ಟಿನ ಮುಂದೆ ಒಂದು ಪ್ರಕರಣ ಬಂತು. ಒಬ್ಬ ವೃದ್ಧ ಪರಲೋಕದಲ್ಲಿ ಒಳ್ಳೆಯದಾಗಲೆಂದು ತನ್ನ ಆಸ್ತಿಯನ್ನೆಲ್ಲ ತನ್ನ ಗುರುವಿಗೆ ಬರೆದುಕೊಟ್ಟಿದ್ದ. ಗುರುವಿನ ಪ್ರಭಾವದಲ್ಲಿ ಆದ ದಾನ ಎಂದು ಅದು ನಿಲ್ಲಲಿಲ್ಲ. ವೃದ್ಧ ಬುದ್ಧಿಗೇಡಿ ಎಂದು ಯಾರೂ ಹೇಳಲಿಲ್ಲ. ಪಡೆದುಕೊಂಡವನು ಯಾರು ಎಂಬುದನ್ನು ನ್ಯಾಯಾಲಯ ನೋಡಿತು. ಗುರುವಿಗೆ ಕೊಟ್ಟ ಹೊಲ, ಮನೆಯ ವಿಷಯದಲ್ಲಿ ಹೀಗೆ ಕಣ್ಣು ತೆರೆದಿದ್ದ ಕಾನೂನು, ಅಧಿಕಾರ ಅಥವಾ ನಂಬಿಕೆಯ ಸ್ಥಾನದಲ್ಲಿರುವ ಯಾರೇ ಆಗಲಿ ಆ ಸ್ಥಾನ ಬಳಸಿ ವಯಸ್ಕ ಹೆಣ್ಣನ್ನು ಒಲಿಸಿಕೊಂಡರೆ ಅದು ಅಪರಾಧ ಎಂದು ವಿಶಾಲವಾಗಿ ಬರೆದದ್ದು 2013ರಲ್ಲಿ. ನಡುವೆ ಸುಮಾರು 140 ವರ್ಷ. ಆಸ್ತಿ ಮೊದಲು, ಆಮೇಲೆ ಹೆಣ್ಣು. ನಮ್ಮ ಆದ್ಯತೆಗಳ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಪರಂಪರೆಯಲ್ಲೂ ಗೆರೆ ಇತ್ತು, ಆದರೆ ಬೇರೆ ಕಡೆ. ಧರ್ಮಶಾಸ್ತ್ರಗಳು ಪಂಚಮಹಾಪಾತಕಗಳಲ್ಲಿ ಒಂದಾಗಿ ಎಣಿಸಿದ್ದು ಗುರುಪತ್ನಿಯ ಹಾಸಿಗೆ ಏರಿದ ಶಿಷ್ಯನ ಪಾಪವನ್ನು. ಮಹಾಭಾರತದಲ್ಲಿ ದೇವಯಾನಿಗೆ ‘ನೀನು ಗುರುಪುತ್ರಿ’ ಎಂದು ಬೇಡವೆನ್ನುವವನು ಕಚ, ಅವನೂ ಶಿಷ್ಯನೇ. ಕಟ್ಟುಪಾಡಿನ ಭಾರವೆಲ್ಲ ಕೆಳಗಿರುವವನ ತಲೆಯ ಮೇಲೆ. ಆಧುನಿಕ ಕಾನೂನು ಆ ಭಾರವನ್ನು ಎತ್ತಿ ಕುರ್ಚಿಯಲ್ಲಿ ಕೂತವನ ಹೆಗಲಿಗೆ ಹಾಕಿತು.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ. ಶಿಷ್ಯೆಯೇ ಮನಸಾರೆ ಪ್ರೀತಿಸಿದ್ದರೆ? ಅಂಥ ಪ್ರೀತಿಯ ಅತ್ಯಂತ ಹೆಸರಾದ ಉದಾಹರಣೆ ಹನ್ನೆರಡನೇ ಶತಮಾನದ ಪ್ಯಾರಿಸ್ಸಿನದು. ಪೀಟರ್ ಅಬೆಲಾರ್ ಆ ಕಾಲದ ದೊಡ್ಡ ತರ್ಕಪಂಡಿತ. ಹೆಲೊಯೀಸ್ ಎಂಬ ಓದಾಳಿ ಹುಡುಗಿಗೆ ಪಾಠ ಹೇಳಿಕೊಡುವ ನೆಪದಲ್ಲಿ ಅವಳ ಮಾವ ಫುಲ್ಬೇರನ ಮನೆ ಸೇರಿದ. ಹುಡುಗಿಯನ್ನು ಹಗಲಿರುಳೆನ್ನದೆ ಓದಿಸು, ಉದಾಸೀನ ಮಾಡಿದರೆ ಹೊಡೆ ಎಂದು ಮಾವ ಪೂರ್ತಿ ಅಧಿಕಾರ ಕೊಟ್ಟ. ಹಸಿದ ತೋಳದ ಕೈಗೆ ಕುರಿಮರಿ ಒಪ್ಪಿಸಿದಂತಾಯಿತು ಎಂದು ಅಬೆಲಾರನೇ ಆಮೇಲೆ ತನ್ನ ಕಷ್ಟಗಳ ಕಥನದಲ್ಲಿ ಬರೆದುಕೊಂಡಿದ್ದಾನೆ. ಪುಸ್ತಕ ತೆರೆದಿರುತ್ತಿತ್ತು, ಓದು ಸಾಗುತ್ತಿರಲಿಲ್ಲ. ಅನುಮಾನ ಬಾರದಿರಲೆಂದು ಆಗಾಗ ಏಟೂ ಬೀಳುತ್ತಿತ್ತು.

ಹೆಲೊಯೀಸಳ ಪ್ರೀತಿ ನಿಜ. ವರ್ಷಗಳ ಮೇಲೆ, ಸಂನ್ಯಾಸಿನಿಯರ ಮಠದಿಂದ ಬರೆದ ಪತ್ರಗಳಲ್ಲೂ ಅವಳು ಅದನ್ನು ಅಲ್ಲಗಳೆಯಲಿಲ್ಲ. ಹೆಂಡತಿ ಎನಿಸಿಕೊಳ್ಳುವುದಕ್ಕಿಂತ ಪ್ರೇಯಸಿ ಎನಿಸಿಕೊಳ್ಳುವುದೇ ಹಿತ ಎಂದವಳು ಅವಳು. ಅದಕ್ಕೆ ಅಬೆಲಾರ್ ಬರೆದ ಉತ್ತರವೊಂದರಲ್ಲಿ ಇನ್ನೊಂದು ಸಂಗತಿ ಹೊರಬರುತ್ತದೆ: ಅವಳು ಬೇಡವೆಂದ ದಿನಗಳಲ್ಲಿ ತಾನು ಬೆದರಿಸಿ, ಹೊಡೆದು ಒಪ್ಪಿಸಿದ್ದುಂಟು ಎಂದು. ಬೇಕು ಎಂದ ದಿನದ ಒಪ್ಪಿಗೆಗೂ ಬೇಡ ಎಂದ ದಿನದ ಏಟಿಗೂ ಆಧಾರ ಒಂದೇ, ಮಾವ ಕೊಟ್ಟ ಆ ಅಧಿಕಾರ. ಪ್ರೇಮಕಥೆ ಎಂದು ಜಗತ್ತು ಹಾಡಿಹೊಗಳುವಾಗ ಈ ಪುಟವನ್ನು ಮಗುಚಿಬಿಡುವುದೇ ರೂಢಿ.

ಇನ್ನೂ ಹಿಂದೆ, ಪ್ಲೇಟೋನ ‘ಸಿಂಪೋಸಿಯಂ’ನಲ್ಲಿ ಇದಕ್ಕೆ ವ್ಯತಿರಿಕ್ತವಾದ ಪ್ರಸಂಗವಿದೆ. ಅಥೆನ್ಸಿನ ಸುಂದರ ಯುವಕ ಆಲ್ಸಿಬಿಯಾಡಿಸ್ ಸಾಕ್ರಟೀಸನಿಗೆ ತನ್ನನ್ನೇ ಒಪ್ಪಿಸಲು ಬರುತ್ತಾನೆ, ಅವನ ಜ್ಞಾನ ತನಗೆ ದಕ್ಕಲಿ ಎಂಬ ಆಸೆಯಿಂದ. ಇದು ಕಂಚು ಕೊಟ್ಟು ಚಿನ್ನ ಕೊಳ್ಳುವ ವ್ಯಾಪಾರ ಎಂದು ಸಾಕ್ರಟೀಸ್ ನಗೆಯಾಡುತ್ತಾನೆ. ಇಡೀ ರಾತ್ರಿ ಒಂದೇ ಹೊದಿಕೆಯಡಿ ಮಲಗಿ ಎದ್ದರೂ ತಂದೆಯ ಇಲ್ಲವೇ ಅಣ್ಣನ ಪಕ್ಕ ಮಲಗಿ ಎದ್ದಂತಾಯಿತು ಎಂದು ಆ ಯುವಕ ಕುಡಿದ ಅಮಲಿನಲ್ಲಿ ಎಲ್ಲರೆದುರು ಗೋಳಾಡುತ್ತಾನೆ. ಇಲ್ಲಿ ಒಪ್ಪಿಗೆಗೆ ಕೊರತೆಯಿರಲಿಲ್ಲ, ಮುಂದೆ ಬಿದ್ದವನೇ ಶಿಷ್ಯ. ಆದರೂ ಕಲಿಸುವವನು ತಡೆದ.

ಆಕ್ಸ್‌ಫರ್ಡಿನ ತತ್ತ್ವಶಾಸ್ತ್ರಜ್ಞೆ ಅಮಿಯಾ ಶ್ರೀನಿವಾಸನ್ 2021ರ ‘ದಿ ರೈಟ್ ಟು ಸೆಕ್ಸ್’ ಕೃತಿಯ ಒಂದು ಪ್ರಬಂಧದಲ್ಲಿ ಹಿಡಿಯುವುದು ಈ ಎಳೆಯನ್ನೇ. ತನ್ನ ಬಳಿ ಬಂದ ರೋಗಿ ತನ್ನನ್ನು ಪ್ರೀತಿಸತೊಡಗಿದರೆ ಅದನ್ನು ಚಿಕಿತ್ಸೆಗೆ ಬಳಸಬೇಕೇ ಹೊರತು ಭೋಗಕ್ಕಲ್ಲ ಎಂದು ಫ್ರಾಯ್ಡ್ 1915ರಲ್ಲಿ ಮನೋವೈದ್ಯರನ್ನು ಎಚ್ಚರಿಸಿದ್ದ. ಶ್ರೀನಿವಾಸನ್ ಅದನ್ನು ತರಗತಿಗೆ ತರುತ್ತಾರೆ. ವಿದ್ಯಾರ್ಥಿಯ ಮೆಚ್ಚುಗೆಯಲ್ಲಿ ‘ಅವರಂತೆ ಆಗಬೇಕು’ ಎಂಬ ಆಸೆ ‘ಅವರು ಬೇಕು’ ಎಂಬ ಆಸೆಯೊಂದಿಗೆ ಕಲಸಿಹೋಗಿರುತ್ತದೆ. ಅದನ್ನು ವಿದ್ಯೆಯ ಕಡೆ ತಿರುಗಿಸುವುದೇ ಕಲಿಸುವವರ ಕೆಲಸ. ತನ್ನ ಕಡೆ ತಿರುಗಿಸಿಕೊಂಡರೆ, ಒಪ್ಪಿಗೆ ಇದ್ದರೂ, ಅವರು ಕಲಿಸುವುದರಲ್ಲೇ ಸೋತರು. ನನಗೆ ಈ ವಾದ ಹಿಡಿಸುವುದು ಇದಕ್ಕೇ: ಹುಡುಗಿಗೆ ಒಪ್ಪಿಗೆ ಕೊಡುವ ಯೋಗ್ಯತೆ ಇತ್ತೇ ಎಂಬ ಅವಮಾನಕರ ಪ್ರಶ್ನೆಯನ್ನು ಅದು ಕೇಳುವುದೇ ಇಲ್ಲ.

ಕಾನೂನುಗಳು ಈ ತತ್ತ್ವವನ್ನು ಅಲ್ಲಲ್ಲಿಯ ಹದಕ್ಕೆ ಬಗ್ಗಿಸಿಕೊಂಡಿವೆ. ನಮ್ಮಲ್ಲಿ 18 ತುಂಬದ ಹುಡುಗಿಯಾಗಲಿ ಹುಡುಗನಾಗಲಿ, 2012ರ ಪೋಕ್ಸೋ ಕಾಯ್ದೆಯಡಿ ಒಪ್ಪಿಗೆಯ ಮಾತೇ ಇಲ್ಲ. ಶಿಕ್ಷಣ ಸಂಸ್ಥೆಯ ಸಿಬ್ಬಂದಿಯೇ ಲೈಂಗಿಕ ಸಂಪರ್ಕ ನಡೆಸಿದರೆ ಅದು ಉಗ್ರ ಸ್ವರೂಪದ ಅಪರಾಧ. 2019ರ ತಿದ್ದುಪಡಿಯ ನಂತರ ಕನಿಷ್ಠ 20 ವರ್ಷ ಜೈಲು. ಮಗುವಿನ ನಂಬಿಕೆಯ ಸ್ಥಾನದಲ್ಲಿರುವ ಯಾರಿಗೂ ಇದು ಅನ್ವಯ, ಹಾಗಾಗಿ ಮನೆಗೆ ಬರುವ ಟ್ಯೂಷನ್ ಮೇಷ್ಟ್ರಿಗೂ ವಿನಾಯಿತಿಯಿಲ್ಲ. ವಯಸ್ಕ ಮಹಿಳೆಯ ವಿಷಯದಲ್ಲಿ ಭಾರತೀಯ ನ್ಯಾಯ ಸಂಹಿತೆಯ 68ನೇ ಸೆಕ್ಷನ್ ಇದೆ. ಅತ್ಯಾಚಾರ ಎನ್ನಲಾಗದಿದ್ದರೂ, ಅಧಿಕಾರ ಅಥವಾ ವಿಶ್ವಾಸದ ಸ್ಥಾನವನ್ನು ದುರುಪಯೋಗ ಮಾಡಿ ತನ್ನ ಸುಪರ್ದಿಯಲ್ಲಿರುವ ಮಹಿಳೆಯನ್ನು ಒಲಿಸಿಕೊಂಡರೆ 5ರಿಂದ 10 ವರ್ಷ ಶಿಕ್ಷೆ. ‘ದುರುಪಯೋಗ’ವನ್ನು ಸಾಬೀತು ಮಾಡಬೇಕಾಗುವುದರಿಂದ ಇದು ಹೇಳಿದಷ್ಟು ಸುಲಭವಲ್ಲ.

ಇಂಗ್ಲೆಂಡಿನಲ್ಲಿ ಒಪ್ಪಿಗೆಯ ವಯಸ್ಸು 16. ಆದರೆ 2003ರ ಲೈಂಗಿಕ ಅಪರಾಧಗಳ ಕಾಯ್ದೆ ಶಿಕ್ಷಕರಂಥವರಿಗೆ ಆ ಗೆರೆಯನ್ನು 18ಕ್ಕೆ ಎಳೆಯಿತು. 2022ರಲ್ಲಿ ಕ್ರೀಡಾ ತರಬೇತುದಾರರೂ ಧರ್ಮಗುರುಗಳೂ ಅದರೊಳಗೆ ಬಂದರು. ಅಮೆರಿಕದ ಟೆಕ್ಸಾಸ್ ಇನ್ನೂ ಮುಂದೆ ಹೋಯಿತು. 2003ರ ಅಲ್ಲಿನ ಕಾನೂನಿನಲ್ಲಿ ಶಾಲೆಯ ವಿದ್ಯಾರ್ಥಿಗೆ 18 ದಾಟಿದ್ದರೂ ಶಿಕ್ಷಕರಿಗೆ 2ರಿಂದ 20 ವರ್ಷದ ಸಜೆಯಾಗಬಹುದು. ಪಕ್ಕದ ಅರ್ಕಾನ್ಸಾಸಿನಲ್ಲಿ 2012ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಇದಕ್ಕೆ ವಿರುದ್ಧವಾಗಿ ನಡೆದು, ವಯಸ್ಕ ವಿದ್ಯಾರ್ಥಿನಿಯ ಒಪ್ಪಿಗೆಯ ಸಂಬಂಧಕ್ಕಾಗಿ ಶಿಕ್ಷಕನನ್ನು ಶಿಕ್ಷಿಸುವುದು ಖಾಸಗಿತನದ ಹಕ್ಕಿಗೆ ಧಕ್ಕೆ ಎಂದಿತು. ಏಳು ನ್ಯಾಯಮೂರ್ತಿಗಳಲ್ಲಿ ನಾಲ್ವರು ಹಾಗೆ, ಮೂವರು ಹೀಗೆ.

ಆ ನಾಲ್ವರ ಆತಂಕ ಸುಳ್ಳಲ್ಲ. ಹೆಣ್ಣುಮಕ್ಕಳನ್ನು ‘ರಕ್ಷಿಸುವ’ ಹೆಸರಲ್ಲಿ ಅವರನ್ನು ಕೊನೆತನಕ ಮಕ್ಕಳಾಗಿಯೇ ಉಳಿಸುವ ಚಪಲ ನಮ್ಮ ಸಮಾಜಕ್ಕೂ ಇದೆ. ಹಾಸ್ಟೆಲ್ ಬಾಗಿಲಿಗೆ ಸಂಜೆ ಬೀಗ ಬೀಳುವುದು ಅದೇ ನೆಪದಲ್ಲಿ. ಆದರೆ ಶಿಕ್ಷಕರ ಮೇಲಿನ ನಿರ್ಬಂಧ ಆ ಜಾತಿಯದಲ್ಲ. ನ್ಯಾಯಾಧೀಶರು ತಮ್ಮ ಬಂಧುವಿನ ಮೊಕದ್ದಮೆ ಕೇಳುವಂತಿಲ್ಲ. ಆ ನಿಯಮ ಬಂಧುವಿನ ಬುದ್ಧಿಯನ್ನು ಶಂಕಿಸುವುದಿಲ್ಲ, ಪೀಠವನ್ನು ಕಾಯುತ್ತದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ 2023ರಲ್ಲಿ, ತಾವು ಪಾಠ ಮಾಡುವ ವಿದ್ಯಾರ್ಥಿಗಳೊಡನೆ ಸಿಬ್ಬಂದಿ ಆಪ್ತ ಸಂಬಂಧ ಇಟ್ಟುಕೊಳ್ಳುವುದನ್ನು ನಿಷೇಧಿಸಿದ್ದೂ ಹೀಗೆಯೇ. ವಯಸ್ಕರ ವಿಷಯದಲ್ಲಿ ಜೈಲಿಗಿಂತ ಇಂಥ ಸೇವಾ ನಿಯಮವೇ ಲೇಸು ಎಂದು ನನ್ನ ಅಭಿಪ್ರಾಯ. ಕೆಲಸ ಹೋಗುತ್ತದೆಂಬ ಭಯ ಬೇಗ ತಲುಪುತ್ತದೆ, ಸಾಬೀತಿನ ಭಾರವೂ ಕಡಿಮೆ.

ಹದಿಹರೆಯದವರ ವಿಷಯಕ್ಕೆ ಬಂದರೆ, ಓಡಿಹೋದ ಜೋಡಿಗಳ ಮೇಲೆ ಪೋಕ್ಸೋ ಕೇಸುಗಳು ಬೀಳುವುದನ್ನು ಕಂಡು ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ 2022ರಲ್ಲಿ, ಒಪ್ಪಿಗೆಯ ವಯಸ್ಸನ್ನು ಮತ್ತೊಮ್ಮೆ ಯೋಚಿಸಿ ಎಂದು ಕಾನೂನು ಆಯೋಗಕ್ಕೆ ಹೇಳಿತು. ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ರಿತುರಾಜ್ ಅವಸ್ಥಿ ಅವರ ನೇತೃತ್ವದ ಆಯೋಗ 2023ರಲ್ಲಿ, ವಯಸ್ಸು ಇಳಿಸುವುದು ಬೇಡ, 16ರಿಂದ 18ರ ನಡುವಿನವರ ಪ್ರಕರಣಗಳಲ್ಲಿ ನ್ಯಾಯಾಧೀಶರಿಗೆ ವಿವೇಚನೆ ಇರಲಿ ಎಂದಿತು. ಮುಂದೆ ಏನೇ ಬದಲಾಗಲಿ, ಇಂಗ್ಲೆಂಡಿನಂತೆ ಶಿಕ್ಷಕರಿಗೆ ಆ ರಿಯಾಯಿತಿ ಸಿಗಕೂಡದು. ಒಂದೇ ಬೆಂಚಿನ ಇಬ್ಬರು ಹುಡುಗರ ಪ್ರೀತಿಗೂ ಬೋರ್ಡಿನ ಮುಂದೆ ನಿಂತವರ ‘ಪ್ರೀತಿ’ಗೂ ಒಂದೇ ತಕ್ಕಡಿ ಸಲ್ಲದು.

ಕೊನೆಗೆ ರಾಜಿಯ ವಿಷಯ. ರಾಜಸ್ಥಾನದ ಸರ್ಕಾರಿ ಶಾಲೆಯ ಶಿಕ್ಷಕನೊಬ್ಬನ ಮೇಲಿನ ಪೋಕ್ಸೋ ಕೇಸು ಹುಡುಗಿಯ ತಂದೆಯೊಂದಿಗಿನ ಒಪ್ಪಂದದ ಮೇಲೆ ಹೈಕೋರ್ಟಿನಲ್ಲಿ ರದ್ದಾಗಿತ್ತು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು. ಮಗುವಿನ ಒಪ್ಪಿಗೆಗೇ ಬೆಲೆಯಿಲ್ಲದ ಕಡೆ ಅಪ್ಪನ ಒಪ್ಪಿಗೆಗೆ ಎಲ್ಲಿಯ ಬೆಲೆ? ಆದ್ದರಿಂದ ‘ಟಿ.ಸಿ. ಕೊಟ್ಟು ಕಳಿಸೋಣ, ಶಾಲೆ ಹೆಸರು ಕೆಡುತ್ತೆ’ ಎನ್ನುವ ಹೆಡ್‌ಮಾಸ್ಟರರೂ ಆಡಳಿತ ಮಂಡಳಿಯವರೂ ತಿಳಿದಿರಲಿ: ಕೈಕೆಳಗಿನವರ ಇಂಥ ಅಪರಾಧ ಗೊತ್ತಿದ್ದೂ ಪೊಲೀಸರಿಗೆ ತಿಳಿಸದ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು ಇದೆ. ದೂರು ಕೊಡಲು ಹೆತ್ತವರೇ ಆಗಬೇಕೆಂದಿಲ್ಲ, ವಿಷಯ ತಿಳಿದ ಯಾರಾದರೂ ಹತ್ತಿರದ ಠಾಣೆಗೆ ಹೇಳಬಹುದು, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ಕಾಲೇಜಿನ ವಿದ್ಯಾರ್ಥಿನಿಯರು ಆಂತರಿಕ ದೂರು ಸಮಿತಿಗೆ ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು.